ಕೌಂಟರಿನ ಆಚೆಯಿಂದ ಬರುವ ಎರಡನೆಯ ಪ್ರಶ್ನೆ

ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಪುಸ್ತಕಗಳಲ್ಲಿ ಸಂಭಾಷಣೆಗಳು ಬಹಳ ಸಲೀಸಾಗಿ ಸಾಗುತ್ತವೆ. ಗಿರಾಕಿ ಕಾಫಿ ಕೇಳುತ್ತಾನೆ, ಅಂಗಡಿಯವನು ಕೊಡುತ್ತಾನೆ, ಇಬ್ಬರೂ ಧನ್ಯವಾದ ಹೇಳಿ ಮುಗಿಸುತ್ತಾರೆ. ಮೆಲ್ಬರ್ನಿನ ಕ್ಯಾಫೆಗಳಲ್ಲಿ ಅಷ್ಟು ಸುಲಭವಾಗಿ ಕಾಫಿ ಕೈಗೆ ಬರುವುದಿಲ್ಲ. ಒಂದು ಫ್ಲಾಟ್ ವೈಟ್ (ಹಾಲು ಬೆರೆಸಿದ ಒಂದು ಬಗೆಯ ಕಾಫಿ) ಬೇಕು ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದವರ ಮೇಲೆ, ಯಂತ್ರದ ಭುಸ್ಸೆನ್ನುವ ಸದ್ದಿನ ನಡುವೆ, ಪ್ರಶ್ನೆಗಳು ಎರಗುತ್ತವೆ. ಇಲ್ಲೇ ಕುಡಿಯುತ್ತೀರೋ, ತೆಗೆದುಕೊಂಡು ಹೋಗುತ್ತೀರೋ? ಚಿಕ್ಕದೋ, ದೊಡ್ಡದೋ? ಯಾವ ಹಾಲು? ಹೆಸರು? ವ್ಯಾಕರಣವೆಲ್ಲ ಸರಿಯಾಗಿ ಗೊತ್ತಿರುವವರೂ ಬಾಯಿ ಕಟ್ಟಿದಂತೆ ನಿಲ್ಲುವುದು ಇಲ್ಲೇ. ಹಿಂದೆ ಸಾಲು ಬೆಳೆಯುತ್ತಿರುತ್ತದೆ.

ನಾನು ಈ ಊರಿನ ಒಂದು ಸಮುದಾಯ ಕೇಂದ್ರದಲ್ಲಿ ಸ್ವಯಂಸೇವಕಿಯಾಗಿ, ವಾರಕ್ಕೊಮ್ಮೆ ಇಂಗ್ಲಿಷ್ ಮಾತಿನ ಅಭ್ಯಾಸ ನಡೆಸುತ್ತೇನೆ. ಬರುವವರೆಲ್ಲ ನಲವತ್ತು ದಾಟಿದವರು. ಕೆಲವರು ತಮ್ಮ ದೇಶದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಕೆಲವರು ಶಾಲೆಯ ಮುಖವನ್ನೇ ಹೆಚ್ಚು ನೋಡದವರು. ಅವರೊಂದಿಗೆ ಕುಳಿತು ನನಗೆ ಖಚಿತವಾದ ಸಂಗತಿಯೆಂದರೆ, ಮೊದಲ ವಾಕ್ಯವನ್ನು ಯಾರೂ ಕಲಿಸಬೇಕಾಗಿಲ್ಲ, ಅದನ್ನು ಅವರೇ ಹೊಂದಿಸಿಕೊಳ್ಳುತ್ತಾರೆ. ಕಲಿಸಬೇಕಾದದ್ದು ಆಚೆಯಿಂದ ಬರುವ ಎರಡನೆಯ ಪ್ರಶ್ನೆಯನ್ನು. ಅದನ್ನು ಮುಂಚಿತವಾಗಿ ಊಹಿಸಬೇಕಾದರೆ ಭಾಷೆಯೊಂದೇ ಸಾಲದು, ಊರಿನ ರೀತಿ ಗೊತ್ತಿರಬೇಕು.

ಅದಕ್ಕೇ ನಮ್ಮ ಅಭ್ಯಾಸವನ್ನು ನಾನು ತಿರುವುಮುರುವು ಮಾಡಿದೆ. ಚೀಟಿಗಳಲ್ಲಿ ಅಂಗಡಿಯವರ, ಸಹೋದ್ಯೋಗಿಗಳ, ಪಕ್ಕದ ಸೀಟಿನವರ ಪ್ರಶ್ನೆಗಳು ಮಾತ್ರ ಇರುತ್ತವೆ. ಇದನ್ನು ಯಾರು, ಎಲ್ಲಿ, ಏಕೆ ಕೇಳಿದರು ಎಂದು ಕಲಿಯುವವರು ಮೊದಲು ಊಹಿಸಬೇಕು. ಉತ್ತರ ಆಮೇಲೆ.

ಒಂದು ಶುಕ್ರವಾರ ಕ್ವೀನ್ ವಿಕ್ಟೋರಿಯಾ ಮಾರುಕಟ್ಟೆಯನ್ನು ಅಭ್ಯಾಸದ ವಿಷಯವಾಗಿ ಇಟ್ಟುಕೊಂಡಿದ್ದೆವು. 1878ರಲ್ಲಿ ಆರಂಭವಾದ ಈ ಮಾರುಕಟ್ಟೆ ಈಗಲೂ ತರಕಾರಿ, ಮೀನು, ಚೀಸ್, ಬಟ್ಟೆಗಳ ಗದ್ದಲದಿಂದ ತುಂಬಿರುತ್ತದೆ. ಸೋಮವಾರ, ಬುಧವಾರ ರಜೆ ಎಂಬುದನ್ನು ಹೊಸದಾಗಿ ಬಂದವರಿಗೆ ನಾನು ಮೊದಲೇ ಹೇಳಿಬಿಡುತ್ತೇನೆ. ಅಂದು ನಾನೇ ಹಣ್ಣಿನಂಗಡಿಯವಳಾಗಿ ನಿಂತಿದ್ದೆ. ವಿಯೆಟ್ನಾಮಿನಿಂದ ಬಂದ ಒಬ್ಬ ಅಜ್ಜಿ ಎರಡು ಬೆಣ್ಣೆಹಣ್ಣು ಕೇಳಿದರು. ಉಚ್ಚಾರಣೆ ಸ್ಪಷ್ಟವಾಗಿತ್ತು, ‘ಪ್ಲೀಸ್’ ಕೂಡ ಸೇರಿತ್ತು. ಇಲ್ಲಿನ ವ್ಯಾಪಾರಿಗಳು ಮಾಡುವಂತೆ ನಾನು ಮುಖ ಬೇರೆ ಕಡೆ ತಿರುಗಿಸಿಕೊಂಡೇ, ಬೇಗನೆ ಕೇಳಿದೆ: “ಟುಡೇ ಆರ್ ಟುಮಾರೊ?” ಅಜ್ಜಿ ಒಂದು ಕ್ಷಣ ಯೋಚಿಸಿ, “ಫ್ರೈಡೇ” ಎಂದರು.

ಎರಡೂ ಪದ ಅವರಿಗೆ ಗೊತ್ತಿದ್ದವು. ಇವತ್ತು ಯಾವ ವಾರ ಎಂದು ನಾನು ಕೇಳುತ್ತಿದ್ದೇನೆ ಎಂದುಕೊಂಡಿದ್ದರು. ಹಣ್ಣನ್ನು ಇವತ್ತೇ ತಿನ್ನುವಿರಾದರೆ ಮೆತ್ತಗಿನದು, ನಾಳೆಗಾದರೆ ಸ್ವಲ್ಪ ಗಟ್ಟಿಯಾದದ್ದು ಕೊಡಬೇಕೆಂಬುದು ವ್ಯಾಪಾರಿಯ ಲೆಕ್ಕ. ಪಕ್ಕದಲ್ಲಿದ್ದ ಇರಾನಿನ ನಿವೃತ್ತ ಎಂಜಿನಿಯರ್ ಎದ್ದು ಬಂದು ಹೆಬ್ಬೆರಳಿನಿಂದ ಹಣ್ಣಿನ ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ತೋರಿಸಿದರು: ಇದು ಟುಡೇ, ಇದು ಟುಮಾರೊ. ಅಜ್ಜಿಯ ಮುಖ ಅರಳಿತು. ಅವರು ಆರಿಸಿದ್ದು ಒಂದು ಇವತ್ತಿಗೆ, ಒಂದು ನಾಳೆಗೆ. ಆ ಉತ್ತರ ನನ್ನ ಚೀಟಿಯಲ್ಲಿ ಇರಲೇ ಇಲ್ಲ.

ಕಾಫಿಯ ಪಾಠಕ್ಕೆ ನಾನು ಇತಿಹಾಸವನ್ನೂ ಸೇರಿಸುತ್ತೇನೆ, ಏಕೆಂದರೆ ಅದು ಇವರದೇ ಇತಿಹಾಸ. ಎರಡನೆಯ ಮಹಾಯುದ್ಧದ ನಂತರ ಯುರೋಪಿನಿಂದ ಹಡಗು ಹಡಗಾಗಿ ಜನ ಇಲ್ಲಿಗೆ ಬಂದರು. ಅವರಿಗಾಗಿಯೇ ಸರ್ಕಾರ 1948ರಲ್ಲಿ ವಯಸ್ಕ ವಲಸಿಗರ ಇಂಗ್ಲಿಷ್ ಕಾರ್ಯಕ್ರಮವನ್ನು ಆರಂಭಿಸಿತು. ಅದು ಇಂದಿಗೂ ನಡೆಯುತ್ತಿದೆ. ಹಾಗೆ ಬಂದ ಇಟಲಿಯವರು ಎಸ್ಪ್ರೆಸೊವನ್ನು ಊರಿನ ದಿನಚರಿಯನ್ನಾಗಿ ಮಾಡಿದರು. ಬರ್ಕ್ ಸ್ಟ್ರೀಟಿನ ಪೆಲೆಗ್ರಿನೀಸ್ ಬಾರ್ ತೆರೆದದ್ದು 1954ರಲ್ಲಿ. ಇಂದು ಮೆಲ್ಬರ್ನ್ ಹೆಮ್ಮೆಯಿಂದ ಹೇಳಿಕೊಳ್ಳುವ ಕಾಫಿಯನ್ನು ಈ ಊರಿಗೆ ಕಲಿಸಿದವರಲ್ಲಿ ಅನೇಕರು ಒಂದು ಕಾಲಕ್ಕೆ ಇಂಗ್ಲಿಷಿಗೆ ತಡವರಿಸಿದವರೇ. ಇದನ್ನು ಹೇಳಿದಾಗ ಕೋಣೆಯಲ್ಲಿ ಕುಳಿತವರ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ. ಮಾತಿಗೆ ಬೇಕಾದ ಧೈರ್ಯ ಬರುವುದು ಇಂಥ ಕಡೆಯಿಂದ.

ಟ್ರ್ಯಾಮಿನ ಪಾಠ ಬೇಗ ಮುಗಿಯುತ್ತದೆ. ನಗರದ ಮಧ್ಯಭಾಗದಲ್ಲಿ ಪ್ರಯಾಣ ಉಚಿತ, ಆ ಗಡಿ ದಾಟುವುದಾದರೆ ಟಿಕೆಟಿನ ಬದಲು ಬಳಸುವ ಮೈಕಿ ಕಾರ್ಡನ್ನು ಯಂತ್ರಕ್ಕೆ ತಾಗಿಸಬೇಕು, ಸೇಂಟ್ ಕಿಲ್ಡಾ ಸಮುದ್ರತೀರಕ್ಕೆ 96 ಹತ್ತಬೇಕು. ಫುಟಿಯ, ಅಂದರೆ ಆಸ್ಟ್ರೇಲಿಯದ್ದೇ ಆದ ಫುಟ್‌ಬಾಲ್ ಆಟದ ವಿಷಯ ಹಾಗಲ್ಲ. ಚಳಿಗಾಲದ ಸೋಮವಾರಗಳಲ್ಲಿ ಕೆಲಸದ ಜಾಗದಲ್ಲಿ ಬೇರೆ ಮಾತೇ ಇರುವುದಿಲ್ಲ. ನೀವು ಯಾವ ತಂಡದ ಕಡೆ ಎಂಬ ಪ್ರಶ್ನೆ ಖಂಡಿತ ಬರುತ್ತದೆ, ಗೊತ್ತಿಲ್ಲ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕ್ರಿಕೆಟ್ ಬಲ್ಲ ನಮ್ಮವರಿಗೆ ನಾನು ಈ ಆಟದ ಹುಟ್ಟನ್ನು ಹೇಳುತ್ತೇನೆ. ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಪತ್ರ ಬರೆದು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಂತೆ ಫುಟ್‌ಬಾಲ್ ಕ್ಲಬ್ ಕಟ್ಟಬೇಕೆಂದ. ಮರುವರ್ಷವೇ ನಿಯಮಗಳು ಬರಹಕ್ಕಿಳಿದವು. ಗೋಲಿಗೆ 6 ಅಂಕ, ಚೆಂಡು ಗೋಲು ಕಂಬಕ್ಕೂ ಅದರ ಪಕ್ಕದ ಹೊರಗಂಬಕ್ಕೂ ನಡುವೆ ಹೋದರೆ ಸಿಗುವ ಬಿಹೈಂಡಿಗೆ 1. ಇಷ್ಟು ಸಾಕು. ಉಳಿದದ್ದಕ್ಕೆ ತಂಡವೊಂದನ್ನು ಆರಿಸಿಕೊಂಡು ಕಾರಣವೊಂದನ್ನು ಸಿದ್ಧವಾಗಿಟ್ಟುಕೊಂಡರೆ ಆಯಿತು. ಕಾರ್ಲ್ಟನ್, ಕಾಲಿಂಗ್‌ವುಡ್, ರಿಚ್‌ಮಂಡ್, ಎಸೆಂಡನ್ ಎಲ್ಲವೂ ಬಡಾವಣೆಗಳ ಹೆಸರುಗಳೇ ಆದ್ದರಿಂದ ‘ನಾನು ಅಲ್ಲಿ ವಾಸವಾಗಿದ್ದೇನೆ’ ಎನ್ನುವುದು ಅತ್ಯುತ್ತಮ ಕಾರಣ. ಸುಡಾನಿನ ಒಬ್ಬ ತಾಯಿ ಮಾತ್ರ ತನ್ನ ಮಗನ ತಂಡದ ಎದುರಾಳಿಯನ್ನೇ ಆರಿಸಿಕೊಂಡರು. ಈಗ ಮನೆಯಲ್ಲೂ ಆ ಜಗಳ ಇಂಗ್ಲಿಷಿನಲ್ಲೇ ನಡೆಯುತ್ತದೆಯಂತೆ. ಅದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಕೊಡಲಾರೆ.

ಊರಿನಿಂದ ತಂದೆ ತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳುವ ಕನ್ನಡಿಗರಲ್ಲಿ ನನ್ನದೊಂದು ಬೇಡಿಕೆಯಿದೆ. ಅಮ್ಮ ಬಾಯಿ ತೆರೆಯುವ ಮೊದಲೇ ಅವರ ಪರವಾಗಿ ಉತ್ತರ ಕೊಡಬೇಡಿ. ಪ್ರೀತಿಯಿಂದಲೇ ಹಾಗೆ ಮಾಡುತ್ತೀರಿ, ಗೊತ್ತು. ಆದರೆ ಆರು ತಿಂಗಳು ಇಲ್ಲಿದ್ದೂ ಒಂದು ಕಾಫಿಯನ್ನು ತಾವೇ ಕೇಳದೆ ಹಿಂದಿರುಗಿದ ಹಿರಿಯರನ್ನು ನೋಡಿ ನನಗೆ ಸಂಕಟವಾಗಿದೆ. ಹೊರಡುವ ಮೊದಲು ಅಡುಗೆಮನೆಯಲ್ಲೇ ನೀವು ಅಂಗಡಿಯವರಾಗಿ. ಹಾಲು, ಅಳತೆ, ಹೆಸರು, ಮೂರೂ ಪ್ರಶ್ನೆಗಳನ್ನು ವೇಗವಾಗಿ, ಮಿಕ್ಸಿ ಹಾಕಿಕೊಂಡೇ ಕೇಳಿ. ಮೊದಲ ದಿನ ಜನ ಕಡಿಮೆ ಇರುವ ಮಧ್ಯಾಹ್ನದ ಹೊತ್ತನ್ನು ಆರಿಸಿಕೊಳ್ಳಿ. ಕ್ಯಾಫೆಯಲ್ಲಿ ಅವರ ಹಿಂದೆ ನಿಲ್ಲಿ, ಪಕ್ಕದಲ್ಲಿ ಬೇಡ. ಪಕ್ಕದಲ್ಲಿದ್ದರೆ ಕೌಂಟರಿನವರು ನಿಮ್ಮನ್ನೇ ನೋಡಿ ಮಾತನಾಡುತ್ತಾರೆ.