ಬಿಲ್ಲಿನ ಮೇಲೆ ಬರೆದ ಪೌಂಡು, ಬೆರಳಿಗೆ ಬೀಳುವ ಭಾರ

ಚಿತ್ರದುರ್ಗದಲ್ಲಿ ಸಾಂಪ್ರದಾಯಿಕ ಬಿಲ್ವಿದ್ಯೆಯನ್ನು ಕಲಿಸುವುದು ನನ್ನ ಕೆಲಸ. ಹೊಸದಾಗಿ ಸೇರುವವರಲ್ಲಿ, ಅದರಲ್ಲೂ ಜಿಮ್‌ಗೆ ಹೋಗಿ ಮೈ ಹುರಿಗಟ್ಟಿಸಿಕೊಂಡ ಹುಡುಗರಲ್ಲಿ, ಬಹುತೇಕರು ಮೊದಲ ದಿನವೇ “ಸರ್, ನನಗೆ ಎಷ್ಟು ಪೌಂಡಿನ ಬಿಲ್ಲು ಕೊಡ್ತೀರಿ?” ಎಂದು ಕೇಳುತ್ತಾರೆ. ಉತ್ತರ ಹೇಳುವ ಮೊದಲು ನಾನು ಅವರ ಎಳೆತದ ಉದ್ದವನ್ನು, ಅಂದರೆ ಪೂರ್ತಿ ಎಳೆದಾಗ ಬಿಲ್ಲಿನ ಹಿಡಿಗೂ ಹೆದೆಗೂ ನಡುವಿನ ಅಂತರವನ್ನು, ಅಳೆಯುತ್ತೇನೆ.

ಬಿಲ್ಲಿನ ಮೇಲೆ ನಮೂದಿಸಿರುವ ತೂಕ ಬಿಲ್ಲಿನ ಸ್ವಂತ ತೂಕವಲ್ಲ, ಅದು ಸಾಮಾನ್ಯವಾಗಿ ಹೆದೆಯನ್ನು 28 ಅಂಗುಲ ಎಳೆದು ಹಿಡಿಯಲು ಬೇಕಾದ ಬಲ. ಎಳೆತ ಒಂದು ಅಂಗುಲ ಹೆಚ್ಚುಕಡಿಮೆಯಾದರೆ ಸುಮಾರು 2ರಿಂದ 3 ಪೌಂಡ್ ವ್ಯತ್ಯಾಸವಾಗುತ್ತದೆ. ಹೀಗಾಗಿ 30 ಪೌಂಡಿನ ಬಿಲ್ಲನ್ನು 25 ಅಂಗುಲವಷ್ಟೇ ಎಳೆಯುವ ಹುಡುಗಿಯ ಬೆರಳಿಗೆ ಬೀಳುವುದು 21ರಿಂದ 24 ಪೌಂಡ್ ಮಾತ್ರ. ಅದೇ ಬಿಲ್ಲು 30 ಅಂಗುಲ ಎಳೆಯುವ ಎತ್ತರದ ಯುವಕನಿಗೆ 35ರ ಆಸುಪಾಸಿಗೆ ಹೋಗುತ್ತದೆ. ಆದ್ದರಿಂದ ಹೆದೆಗೆ ಕೊಕ್ಕೆಯ ತಕ್ಕಡಿ ಸಿಕ್ಕಿಸಿ, ಪ್ರತಿಯೊಬ್ಬರ ಎಳೆತಕ್ಕೆ ಎಷ್ಟು ತೂಗುತ್ತದೆ ಎಂಬುದನ್ನು ನೋಡಿ ಬರೆದಿಡುತ್ತೇನೆ.

ಒಮ್ಮೆ ಎಳೆದು ತೋರಿಸುವುದು ಬೇರೆ, ಎಳೆದು ನಿಲ್ಲಿಸುವುದು ಬೇರೆ. ಬೆರಳು ಬಾಯಿಯ ಅಂಚನ್ನು ಮುಟ್ಟುವವರೆಗೆ ಎಳೆದು ನಿಲ್ಲಲು ಹೇಳಿ, ನಾನು ಪಕ್ಕದಲ್ಲಿ ನಿಂತು ಭುಜವನ್ನು ಗಮನಿಸುತ್ತೇನೆ. ಭಾರ ಮಿತಿಮೀರಿದ್ದರೆ ಬಿಲ್ಲು ಹಿಡಿದ ಕಡೆಯ ಭುಜ ಮೆಲ್ಲಗೆ ಕಿವಿಯತ್ತ ಏರುತ್ತದೆ, ಹೆದೆ ಹಿಡಿದ ಕೈ ಗೊತ್ತಾಗದಂತೆ ಮುಂದಕ್ಕೆ ಜಾರುತ್ತದೆ, ಬಾಣದ ಮೊನೆ ನಡುಗುತ್ತದೆ. ಇವುಗಳಲ್ಲಿ ಒಂದು ಕಂಡರೂ ನಾನು ಹಗುರವಾದ ಬಿಲ್ಲನ್ನೇ ಕೊಡುತ್ತೇನೆ. ದಣಿದ ಭುಜ ಕಲಿತ ತಪ್ಪನ್ನು ಮತ್ತೆ ಬಿಡಿಸುವುದು ಬಹಳ ಕಷ್ಟ.

ಬಿಲ್ಲಿನ ಬಗೆ ಬದಲಾದರೆ ಅದೇ ತೂಕವೂ ಬೇರೆಯಾಗಿ ತೋರುತ್ತದೆ. ಉದ್ದನೆಯ ಬಿದಿರಿನ ಬಿಲ್ಲಿನಲ್ಲಿ ಭಾರ ಹದವಾಗಿ ಏರುತ್ತದೆ. ತುದಿಗಳು ಮುಂದಕ್ಕೆ ಬಾಗಿರುವ ರಿಕರ್ವ್ ಬಿಲ್ಲು ಅಷ್ಟೇ ತೂಕದಲ್ಲಿ ಬಾಣವನ್ನು ಇನ್ನಷ್ಟು ವೇಗವಾಗಿ ಕಳಿಸುತ್ತದೆ. ಗಿಡ್ಡ ಬಿಲ್ಲನ್ನು ಉದ್ದ ತೋಳಿನವರು ಎಳೆದರೆ ಕೊನೆಯ ಎರಡು ಅಂಗುಲಗಳಲ್ಲಿ ಭಾರ ದಿಢೀರನೆ ಏರಿ, ಹೆದೆ ಬೆರಳುಗಳನ್ನು ಹಿಂಡುತ್ತದೆ.

ಮಳೆಗಾಲಕ್ಕೆ ಮುನ್ನ ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಭರದಿಂದ ತಿರುಗುವಾಗ ಬಾಣ ಪಕ್ಕಕ್ಕೆ ಸರಿಯುತ್ತದೆ, ಆಗ ಎಲ್ಲರಿಗೂ ಗಟ್ಟಿ ಬಿಲ್ಲು ಬೇಕೆನಿಸುತ್ತದೆ. ನಾನಾದರೋ ಗುರಿಯನ್ನು ಹತ್ತಿರಕ್ಕೆ ತರಿಸುತ್ತೇನೆ. ಕೋಟೆಯ ನೆರಳಲ್ಲಿ ಬೆಳೆದ ಮಕ್ಕಳಿಗೆ ಪಾಳೆಯಗಾರರ ಕಾಲದ ಬೇಡರ ಪಡೆಯ ಅಭಿಮಾನವಿದೆ, ಅದು ಸಹಜವೂ ಹೌದು. ಕೆಲವರು 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಬಿಲ್ಲುಗಳ ಮಾತನ್ನೂ ತೆಗೆಯುತ್ತಾರೆ. ಆ ಬಿಲ್ಲುಗಳಲ್ಲಿ ಹಲವು 100 ಪೌಂಡಿಗೂ ಮೀರಿದವು ಎಂಬ ಅಂದಾಜಿದೆ. ಆದರೆ ಅವನ್ನು ಎಳೆದವರು ಎಳವೆಯಿಂದಲೇ ಅಭ್ಯಾಸ ಮಾಡಿದವರು.

ಭುಜ ಸಿದ್ಧವಾದ ಮೇಲೆ ಒಂದು ಸಲಕ್ಕೆ 2ರಿಂದ 4 ಪೌಂಡ್ ಮಾತ್ರ ಏರಿಸುತ್ತೇನೆ, ಜೊತೆಗೆ ಬಾಣವನ್ನೂ ಹೊಸದಾಗಿ ಪರೀಕ್ಷಿಸುತ್ತೇನೆ. ಬಲಗೈಯವರ ಬಾಣದ ಕಡ್ಡಿ ಬಿಲ್ಲಿಗೆ ತಕ್ಕುದಕ್ಕಿಂತ ಗಡುಸಾಗಿದ್ದರೆ ಬಾಣ ಎಡಕ್ಕೆ, ತೀರಾ ಮೆತ್ತಗಿದ್ದರೆ ಬಲಕ್ಕೆ ಹೋಗುತ್ತದೆ. ಮರದ ಬಿಲ್ಲಿಗೆ ಪೌಂಡಿಗೆ ಸುಮಾರು 10 ಗ್ರೇನ್ ತೂಕದ ಬಾಣ ಇರಬೇಕು, ಅಂದರೆ 35 ಪೌಂಡಿಗೆ ಹೆಚ್ಚುಕಡಿಮೆ 23 ಗ್ರಾಂ. ತೀರಾ ಹಗುರವಾದ ಬಾಣ ಹೂಡಿದರೆ ಉಳಿದ ಶಕ್ತಿಯೆಲ್ಲ ಬಿಲ್ಲಿಗೇ ಮರಳಿ ಬಡಿಯುತ್ತದೆ.