ನೀಲಿ ಬೆಟ್ಟಕ್ಕೆ ರೇವತಿ

ಮಳೆಯ ಚಿತ್ರ ತೋರಿಸಿದರೆ ಅಮೃತವರ್ಷಿಣಿ, ತೊಟ್ಟಿಲು ಕಂಡರೆ ನೀಲಾಂಬರಿ, ಅಳುವ ಮುಖವಿದ್ದರೆ ಶುಭಪಂತುವರಾಳಿ. ಸಂಗೀತ ಕಲಿಯುವ ಮಕ್ಕಳ ಬಾಯಲ್ಲಿ ಇಂಥ ಉತ್ತರ ಸದಾ ಸಿದ್ಧವಾಗಿರುತ್ತದೆ. ರಾಗದ ಎದುರಿಗೆ ರಸವನ್ನು ಬರೆದು ಬಾಯಿಪಾಠ ಮಾಡಿಸುವ ಈ ಪದ್ಧತಿ ನನಗೆ ಎಂದೂ ಒಗ್ಗಿಲ್ಲ. ಹಾಗಾಗಿ ನನ್ನ ವಿದ್ಯಾರ್ಥಿಗಳನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಕರೆದುಕೊಂಡು ಹೊರಟಾಗ ಎರಡು ಷರತ್ತು ಹಾಕಿದೆ. ಒಬ್ಬೊಬ್ಬರೂ ಒಂದೇ ಚಿತ್ರವನ್ನು ಆರಿಸಿಕೊಂಡು ಅದರ ಮುಂದೆ ಅರ್ಧ ಗಂಟೆ ಇರಬೇಕು. ಅಲ್ಲಿರುವಷ್ಟು ಹೊತ್ತು ಯಾವ ರಾಗದ ಹೆಸರನ್ನೂ ಎತ್ತಬಾರದು. ಸಂಜೆ ಮಲ್ಲೇಶ್ವರದ ನಮ್ಮ ಮಹಡಿಯಲ್ಲಿ, ಹೆತ್ತವರು ಮತ್ತು ನೆರೆಹೊರೆಯವರ ಎದುರು, ಕಂಡದ್ದನ್ನು ನುಡಿಸಬೇಕು. ಕೃತಿ ಇಲ್ಲ, ಸಾಹಿತ್ಯವಿಲ್ಲ.

ಪರಿಷತ್ತು ಇರುವ ಕುಮಾರಕೃಪಾ ರಸ್ತೆ ಎಂದರೆ ಬಹಳ ಮಂದಿಗೆ ವರ್ಷಕ್ಕೊಮ್ಮೆ ನಡೆಯುವ ಚಿತ್ರಸಂತೆಯ ಜನಜಂಗುಳಿಯೇ ನೆನಪಿಗೆ ಬರುತ್ತದೆ. ಒಳಗಿನ ಗ್ಯಾಲರಿಗಳಲ್ಲಿ ಅಂದು ನಮ್ಮನ್ನು ಬಿಟ್ಟರೆ ನಾಲ್ಕಾರು ಜನ ಇದ್ದರು. ವೀಣೆ ಕಲಿಯುವ ಹುಡುಗಿ ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಕ್ ಅವರ (1874–1947) ಹಿಮಾಲಯದ ಚಿತ್ರವೊಂದರ ಮುಂದೆ ನಿಂತವಳು ಕದಲಲೇ ಇಲ್ಲ. ಒಂದರ ಹಿಂದೊಂದು ಬೆಟ್ಟದ ಸಾಲು. ದೂರ ಹೋದಂತೆಲ್ಲ ನೀಲಿ ತಿಳಿಯಾಗುತ್ತ, ಕೊನೆಯ ಸಾಲು ಆಕಾಶದಲ್ಲಿ ಬೆರೆತೇ ಹೋಗಿದೆ. "ಇದರಲ್ಲಿ ಏನೂ ಅಲುಗಾಡುತ್ತಿಲ್ಲ ಮಿಸ್. ನಮ್ಮ ಸಂಗೀತದಲ್ಲಿ ಅಲುಗಾಡದೆ ಇರುವುದು ಏನಿದೆ?" ಎಂದು ಕೇಳಿದಳು. ಅಂಥ ಪ್ರಶ್ನೆ ಕೇಳುವುದಕ್ಕೆಂದೇ ಅವರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಕರ್ನಾಟಕ ಸಂಗೀತ ಕಲಿತ ಕೈ ಸ್ವರವನ್ನು ಸುಮ್ಮನೆ ಬಿಡುವುದಿಲ್ಲ, ತಾನಾಗಿ ಅದನ್ನು ತೂಗಾಡಿಸುವ ಕಂಪಿತಕ್ಕೆ ಹೊರಳುತ್ತದೆ. ಮೇಲಾಗಿ ಪಿಟೀಲಿನಲ್ಲಿ ಕಮಾನು ಎಳೆದಷ್ಟು ಹೊತ್ತು ಸ್ವರ ನಿಲ್ಲುತ್ತದೆ, ವೀಣೆಯಲ್ಲಾದರೆ ಮೀಟಿದ ಕ್ಷಣದಿಂದಲೇ ನಾದ ಇಳಿಯತೊಡಗುತ್ತದೆ.

ಸಂಜೆ ಅವಳು ಆರಿಸಿಕೊಂಡದ್ದು ರೇವತಿ. ಗಾಂಧಾರ, ಧೈವತಗಳಿಲ್ಲದ, ವೇದಘೋಷದ ಹತ್ತಿರ ನಿಲ್ಲುವ ಐದು ಸ್ವರದ ರಾಗ. ಸ್ವರಗಳನ್ನು ಗಮಕವಿಲ್ಲದೆ, ಅಂದರೆ ಅಲುಗಿಸದೆ, ನಿಲ್ಲಿಸಿದರೂ ಕೆಡುವುದಿಲ್ಲ. ಎಲ್ಲಕ್ಕಿಂತ ತಗ್ಗಿನ ಅನುಮಂದ್ರದ ತಂತಿಯನ್ನು ಗಟ್ಟಿಯಾಗಿ ಮೀಟಿ, ಅದು ಪೂರ್ತಿ ಇಳಿಯುವವರೆಗೆ ಕಾದಳು. ಆಮೇಲೆ ಮಂದ್ರದ ತಂತಿ, ಪಂಚಮ, ಸಾರಣಿ. ಮೇಲಕ್ಕೆ ಹೋದಂತೆ ಮೀಟು ಮೃದುವಾಗುತ್ತ ಬಂತು. ತಾಳದ ತಂತಿಗಳನ್ನು ಮುಟ್ಟಲೇ ಇಲ್ಲ. ನಾದ ಇಳಿಯುವುದು ವೀಣೆಯ ಕೊರತೆ ಎಂದು ಹೇಳುವವರನ್ನು ಬಹಳ ಕೇಳಿದ್ದೇನೆ. ಅಂದು ಆ ಇಳಿತವೇ ದೂರದ ಬೆಟ್ಟದ ಬಣ್ಣವಾಯಿತು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಮ್ಮ ನಾಡಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಚಿತ್ರ ಕಲಿತವರು; ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತರು. ಉದಕಮಂಡಲದ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದವರೂ ಅವರೇ. ಕಣ್ಣು ಮತ್ತು ಕಿವಿಯನ್ನು ಬೇರೆ ಬೇರೆ ತರಗತಿಗಳಲ್ಲಿ ಕೂರಿಸಿರುವ ಇಂದಿನ ಮಕ್ಕಳಿಗೆ ಅವರ ಬದುಕು ಗೊತ್ತಿರಲೇಬೇಕು ಎಂದು ನನ್ನ ಹಟ.

ಮೃದಂಗದ ಹುಡುಗನ ಕಷ್ಟವೇ ಬೇರೆ. "ನನಗೆ ರಾಗವೇ ಇಲ್ಲವಲ್ಲ ಮಿಸ್" ಎಂದು ಬೆಳಿಗ್ಗೆ ಮುಖ ಸಣ್ಣಗೆ ಮಾಡಿಕೊಂಡಿದ್ದ. ಅವನು ನಿಂತದ್ದು ಮೈಸೂರು ಶೈಲಿಯ ದೇವಿಯ ಚಿತ್ರವೊಂದರ ಮುಂದೆ. ಈ ಶೈಲಿಯಲ್ಲಿ ಮಕ್ಕಿ ಸಫೇದದ ಲೇಪವನ್ನು ಕುಂಚದಿಂದ ಎಳೆದು ಒಡವೆ, ಕಿರೀಟ, ಸೆರಗಿನಂಚುಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಾರೆ. ತಂಜಾವೂರು ಚಿತ್ರಗಳಷ್ಟು ದಪ್ಪ ಉಬ್ಬು ಇಲ್ಲಿರುವುದಿಲ್ಲ. ಎದುರಿನಿಂದ ನೋಡಿದರೆ ಬರೀ ಹೊಳಪು. ಹುಡುಗ ಗೋಡೆಯ ಪಕ್ಕಕ್ಕೆ ಸರಿದು ಓರೆಯಾಗಿ ಬಗ್ಗಿ ನೋಡಿದ. ಸರದ ಒಂದೊಂದು ಗುಂಡೂ ಬೇರೆ ಬೇರೆಯಾಗಿ ಎದ್ದು ಕಂಡಿತು. ನನ್ನನ್ನೂ ಕರೆದು ತೋರಿಸಿದ.

ಸಂಜೆ ಎಡಮುಖಕ್ಕೆ ರವೆ ಹಚ್ಚಿ ಸಿದ್ಧನಾದರೂ ಬಹಳ ಹೊತ್ತು ಎಡಗೈ ಇಡಲಿಲ್ಲ. ಬಲಮುಖದ ಮೇಲೆ ಬೆರಳತುದಿಯಲ್ಲಿ 'ತಕತಕಿಟ' ಎಂಬ ಐದೆಣಿಕೆಯ ಖಂಡನಡೆ, ಕಿವಿಗೊಟ್ಟರಷ್ಟೇ ಕೇಳುವಷ್ಟು ಸಣ್ಣದಾಗಿ, ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ. ಅದರ ನಡುವೆ ಒಮ್ಮೆ ಎಡದಿಂದ ಒಂದೇ ಒಂದು ಗುಮ್ಕಿ, ಆಳವಾಗಿ ಗುಂಯ್‌ಗುಡುವ ನಾದ. "ಅದು ಕೆಂಪು ಸೀರೆ" ಎಂದು ಆಮೇಲೆ ವಿವರಿಸಿದ. ಕೊನೆಗೆ ಮುಕ್ತಾಯವನ್ನೂ ನುಡಿಸದೆ ನಿಲ್ಲಿಸಿದಾಗ ಅವನ ತಂದೆ ಗೊಂದಲದಿಂದ ನನ್ನತ್ತ ನೋಡಿದರು. ಚಪ್ಪಾಳೆಗಾಗಿ ಕಟ್ಟುವ ತನಿಗಿಂತ, ಅಂದರೆ ಮೃದಂಗವೊಂದೇ ನುಡಿಯುವ ಭಾಗಕ್ಕಿಂತ, ಇದು ಎಷ್ಟೋ ಕಷ್ಟದ ನುಡಿಸಾಣಿಕೆ ಎಂದು ಅವರಿಗೆ ಅಲ್ಲೇ ಹೇಳಿದೆ.

ಪಿಟೀಲಿನ ಹುಡುಗನಿಗೆ ಗ್ಯಾಲರಿಯಲ್ಲಿ ಯಾವುದೂ ಹಿಡಿಸಿರಲಿಲ್ಲ. ಮನೆಯಲ್ಲಿದ್ದ, ರಾಗಗಳನ್ನೇ ಚಿತ್ರವಾಗಿಸುವ ರಾಗಮಾಲಾ ಸಂಪ್ರದಾಯದ ಚಿತ್ರವೊಂದರ ಮುದ್ರಿತ ಪ್ರತಿಯನ್ನು ಕೊಟ್ಟೆ: ತೋಡಿ ರಾಗಿಣಿ. ಹೆಗಲ ಮೇಲೆ ವೀಣೆ ಹೊತ್ತ ಹೆಣ್ಣು, ಸುತ್ತ ಮೇವು ಮರೆತು ನಿಂತ ಜಿಂಕೆಗಳು. ಇಲ್ಲಿ ಚಿತ್ರವೇ ರಾಗದ ಹೆಸರು ಹೊತ್ತು ಬಂದಿದೆ, ಆದರೆ ತೊಡಕು ಇರುವುದೂ ಅಲ್ಲಿಯೇ. ಇಂದಿನ ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ನಮ್ಮ ತೋಡಿಯ ಸ್ವರಗಳು ಹಿಂದೂಸ್ತಾನಿಯಲ್ಲಿ ಭೈರವಿಯವು. ಜಿಂಕೆಗಳು ಯಾವುದನ್ನು ಕೇಳುತ್ತಿವೆ?

ಹುಡುಗ ನಮ್ಮ ತೋಡಿಯನ್ನೇ ಹಿಡಿದ. ಗಾಂಧಾರವನ್ನು ತೂಗಿ, ತಟ್ಟನೆ ಬಿಟ್ಟು, ಕಮಾನನ್ನು ತಂತಿಯಿಂದ ಎತ್ತಿಕೊಂಡು ಕಾಯುತ್ತಿದ್ದ. ಪ್ರತಿ ಸಂಚಾರಕ್ಕೂ ಹಾಗೆಯೇ. ಜಿಂಕೆ ಕೇಳಿಸಿಕೊಳ್ಳುವಷ್ಟು ಹೊತ್ತು ಬಿಡುತ್ತಿದ್ದೇನೆ ಎಂದ. ವೀಣೆಯ ಹುಡುಗಿ ಒಪ್ಪಲಿಲ್ಲ; ಬರೆದವನು ಉತ್ತರದವನಾದ್ದರಿಂದ ಶುಭಪಂತುವರಾಳಿಯ ಸ್ವರಗಳೇ ಸರಿ ಎಂದು ವಾದಿಸಿದಳು. ಆ ಕಾಲದ ತೋಡಿ ಇಂದಿನದೇ ಎಂದು ಯಾರು ಹೇಳಿದರು ಎಂದು ಇವನ ಪಾಟೀಸವಾಲು. ಕಾಫಿ ಲೋಟಗಳು ಖಾಲಿಯಾಗಿ, ದೊಡ್ಡವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರೂ ಇಬ್ಬರೂ ಸೋಲಲಿಲ್ಲ. ಮುಂದಿನ ವಾರ ಅದೇ ಚಿತ್ರವನ್ನು ಅವಳು ಶುಭಪಂತುವರಾಳಿಯಲ್ಲಿ ನುಡಿಸುತ್ತಾಳೆ, ಅವನು ಕುಳಿತು ಕೇಳುತ್ತಾನೆ ಎಂದು ತೀರ್ಮಾನವಾಯಿತು. ಮೃದಂಗದವನು ಮಾತ್ರ ತಾನು ಜಿಂಕೆಗಳ ಪರ ಎಂದ.