ಒಂದೇ ಹೆಸರಿನ ಇಬ್ಬರು ಮಕ್ಕಳು

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಸುಮಾರು ಐದು ಗಂಟೆ ಪಶ್ಚಿಮಕ್ಕೆ ಸಾಗಿ, ನಾನೂ ಕೆಜಿಎಫ್‌ನವನಾದ ನನ್ನ ಗೆಳೆಯನೂ ಕಾರ್ನ್‌ವಾಲ್ ಸೀಮೆಯ ರೆಡ್‌ರೂತ್‌ನಲ್ಲಿ ಇಳಿದಾಗ ಜಿಟಿಜಿಟಿ ಮಳೆ ಹಿಡಿದಿತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು ಕೋಲಾರದ ಚಿನ್ನದ ಗಣಿಗಾರಿಕೆಗೆ ಕೈಹಾಕಿದ ಮೇಲೆ, ಈ ಸೀಮೆಯ ತವರ, ತಾಮ್ರದ ಗಣಿಗಳಲ್ಲಿ ಪಳಗಿದ ಅನೇಕರು ನಮ್ಮ ನಾಡಿಗೆ ಬಂದರು. ಗೆಳೆಯನ ಮುತ್ತಜ್ಜ ಅವರಲ್ಲೊಬ್ಬ. ಆ ಮುತ್ತಜ್ಜನ ತಂದೆ ಮಾತ್ರ ವರ್ಷಗಟ್ಟಲೆ ಹುಡುಕಿದರೂ ಸಿಕ್ಕಿರಲಿಲ್ಲ. ರೆಡ್‌ರೂತ್ ಬಳಿಯ ಗ್ವೆನಪ್ ಪ್ಯಾರಿಷ್‌ನಲ್ಲಿ, ಅಂದರೆ ಗ್ವೆನಪ್ ಚರ್ಚಿನ ವ್ಯಾಪ್ತಿಯ ಸೀಮೆಯಲ್ಲಿ, ಅವನ ಹೆಸರಿನ ಮಗುವೊಂದಕ್ಕೆ ದೀಕ್ಷಾಸ್ನಾನವಾದದ್ದು ನಿಜ. ಆದರೆ ಮದುವೆಯ ದಾಖಲೆಯಲ್ಲಿ ಬರೆಸಿದ ವಯಸ್ಸಿನಂತೆ ಲೆಕ್ಕ ಹಾಕಿದರೆ ಮೂರು ವರ್ಷದ ವ್ಯತ್ಯಾಸ ಬರುತ್ತಿತ್ತು.

ರೆಡ್‌ರೂತ್‌ನ ಹಳೆಯ ಬಿಯರ್ ಕಾರ್ಖಾನೆಯ ಜಾಗದಲ್ಲಿ 2019ರಲ್ಲಿ ತೆರೆದ ಕ್ರೆಸೆನ್ ಕರ್ನೋ ದಾಖಲೆಗಳ ಭಂಡಾರದಲ್ಲಿ ನಾವು ನಾಲ್ಕು ದಿನ ಕುಳಿತೆವು. ಇಂಗ್ಲೆಂಡಿನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಆರಂಭವಾದದ್ದೇ 1837ರ ಜುಲೈನಲ್ಲಿ; ಅದಕ್ಕೂ ಹಿಂದಿನವರನ್ನು ಅರಸುವವರಿಗೆ, 1538ರಲ್ಲಿ ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪಾದ್ರಿಗಳು ಬರೆದಿಡತೊಡಗಿದ ಚರ್ಚಿನ ಪುಸ್ತಕಗಳೇ ಮುಖ್ಯ ಆಧಾರ. ಗಣಿಗಾರರಲ್ಲಿ, ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾದ ಮೆಥಡಿಸ್ಟ್ ಪಂಗಡದವರು ಬಹಳವಿದ್ದುದರಿಂದ ಅವರ ಪ್ರಾರ್ಥನಾಮಂದಿರಗಳ ಪುಸ್ತಕಗಳನ್ನೂ ನೋಡಿದೆವು. ಅಲ್ಲಿ ಏನೂ ಸಿಗಲಿಲ್ಲ.

ಮೂರನೆಯ ದಿನ ಗೆಳೆಯ ದೀಕ್ಷಾಸ್ನಾನದ ಪುಟಗಳನ್ನು ಬಿಟ್ಟು ಸಮಾಧಿಯ ಪುಟಗಳನ್ನು ತೆರೆಸಿದ. ನಾವು ಪೂರ್ವಜನೆಂದು ನಂಬಿದ್ದ ಆ ಮಗು ಅಲ್ಲಿ ಎರಡು ವರ್ಷದವನಾಗಿ ಮಣ್ಣು ಸೇರಿತ್ತು. ಮತ್ತೆ ದೀಕ್ಷಾಸ್ನಾನದ ಪುಸ್ತಕಕ್ಕೆ ಮರಳಿ ಮುಂದಿನ ವರ್ಷದ ಪುಟಗಳನ್ನು ನೋಡಿದರೆ, ಅದೇ ತಂದೆತಾಯಿ, ಅದೇ ವಾಸಸ್ಥಳ, ತಂದೆಯ ಕಸುಬಿನ ಕಾಲಂನಲ್ಲಿ ಅದೇ ‘ಗಣಿಗಾರ’, ಮಗುವಿಗೂ ಅದೇ ಹೆಸರು! ತೀರಿಹೋದ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದವನಿಗೆ ಇಡುವುದು ಅಂದಿನ ಇಂಗ್ಲೆಂಡಿನಲ್ಲಿ ಅಪರೂಪವೇನಲ್ಲ. ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪನೆಂದು ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸಲು ನೋಡುತ್ತಿದ್ದರು. ಆ ತಾಯಿ ಕಳೆದುಕೊಂಡ ಹೆಸರನ್ನು ಮತ್ತೆ ಕರೆಯಬಯಸಿದಳು. ಎರಡೂ ಒಂದೇ ಸಂಕಟದಿಂದ ಹುಟ್ಟಿದವೆಂದು ನನಗನ್ನಿಸಿತು.

ಮರುದಿನ ಐದಾರು ಕಿಲೋಮೀಟರ್ ದೂರದ ಗ್ವೆನಪ್ ಚರ್ಚಿಗೆ ಹೋದೆವು. ಒದ್ದೆ ಹುಲ್ಲಿನಲ್ಲಿ ಪಾಚಿಗಟ್ಟಿದ ಕಲ್ಲುಗಳನ್ನು ಒಂದೊಂದಾಗಿ ಓದಿದರೂ ಆ ಮಗುವಿನ ಹೆಸರು ಎಲ್ಲಿಯೂ ಕಾಣಲಿಲ್ಲ. ಗೆಳೆಯ ಅಲ್ಲಿಂದಲೇ ಕೆಜಿಎಫ್‌ನಲ್ಲಿರುವ ತಾಯಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ. ಸಿಕ್ಕ ಪೂರ್ವಜನ ಬಗ್ಗೆ ಅವರು ಏನೂ ಕೇಳಲಿಲ್ಲ. ‘ಮೊದಲನೇ ಮಗುವಿಗೆ ಏನಾಗಿತ್ತಪ್ಪ?’ ಎಂದರು. ಚರ್ಚಿನ ಸಮಾಧಿ ಪುಸ್ತಕದಲ್ಲಿ ಹೆಸರು, ವಾಸಸ್ಥಳ, ದಿನಾಂಕ, ವಯಸ್ಸು, ಪಾದ್ರಿಯ ಸಹಿ ಇರುತ್ತವೆ. ಸಾವಿನ ಕಾರಣಕ್ಕೆ ಕಾಲಂ ಇಲ್ಲ.